ಕಿರುಬೆರಳಿನಷ್ಟು ಸಂದು

ಸಂದು ದೊಡ್ಡದೇನೂ ಆಗಿರಲಿಲ್ಲ. ಮಲಗುವ ಕೋಣೆಯ ಕಿಟಕಿಯ ಮರದ ಚೌಕಟ್ಟಿಗೂ ಹೊರಗಿನ ಇಟ್ಟಿಗೆ ಗೋಡೆಗೂ ನಡುವೆ ಕಿರುಬೆರಳು ತೂರುವಷ್ಟು ಜಾಗ. ಆದರೆ ಅಷ್ಟೇ ಜಾಗದಲ್ಲಿ ಗಾಳಿ ಬರುತ್ತಿತ್ತು, ಮಳೆ ಬರುತ್ತಿತ್ತು, ಇರುವೆ ಬರುತ್ತಿತ್ತು, ಪಕ್ಕದ ಮನೆಯವರ ಜಗಳ ಒಂದಕ್ಷರ ಬಿಡದೆ ಬರುತ್ತಿತ್ತು. ಇಷ್ಟೆಲ್ಲ ಒಳಗೆ ಬಂದ ಮೇಲೆ ದೂರಣ್ಣನ ಹೆಂಡತಿ ಹೊರಗೆ ಹೋದಳು.

ಜಗಳವಾಡಿಕೊಂಡು ಹೋದದ್ದಲ್ಲ. ಕೆಮ್ಮು ಹೆಚ್ಚಾಯಿತು. ಡಾಕ್ಟರು "ಆ ಥಂಡಿ ರೂಮಿಂದ ಸ್ವಲ್ಪ ದಿನ ಬೇರೆ ಕಡೆ ಇರಿ" ಅಂದರು. ಅವಳು ಊರಿನ ಆ ತುದಿಯಲ್ಲಿದ್ದ ಅಕ್ಕನ ಮನೆಗೆ ಹೋದಳು. ಸ್ವಲ್ಪ ದಿನ ಅನ್ನುವುದು ನೋಡನೋಡುತ್ತ ಒಂದಿಡೀ ಚಳಿಗಾಲವಾಯಿತು.

ದೂರಣ್ಣ ಅನ್ನುವುದು ಅವನ ನಿಜವಾದ ಹೆಸರಲ್ಲ. ನೀರು ಸರಬರಾಜು ಕಚೇರಿಯಲ್ಲಿ ದೂರು ತೆಗೆದುಕೊಳ್ಳುವ ಕೌಂಟರಿನಲ್ಲಿ ಕೂರುವವನಾದ್ದರಿಂದ ಬೀದಿಯವರು ಪ್ರೀತಿಯಿಂದ ಇಟ್ಟದ್ದು. ನಲ್ಲಿಯಲ್ಲಿ ನೀರಿಲ್ಲ ಎಂದು ಬಂದವರಿಗೂ ನೀರಿನಲ್ಲಿ ಹುಳುವಿದೆ ಎಂದು ಬಂದವರಿಗೂ ಅವನದು ಒಂದೇ ಉತ್ತರ: "ಬರ್ಕೊಂಡಿದೀನಿ, ನೋಡೋಣ. ದೊಡ್ಡ ಕೆಲಸ ಅದು." ಒರಟಾಗಿ ಹೇಳುವವನಲ್ಲ. ಎಷ್ಟು ಮೆತ್ತಗೆ ಹೇಳುತ್ತಿದ್ದನೆಂದರೆ ಜನ ಬಂದ ಕೆಲಸ ಆಗದಿದ್ದರೂ ಥ್ಯಾಂಕ್ಸ್ ಹೇಳಿ ಹೋಗುತ್ತಿದ್ದರು. ಮನೆಗೆ ಬಂದ ಮೇಲೂ ಆ ಕೌಂಟರು ಅವನ ಮುಂದಿನಿಂದ ಸರಿಯುತ್ತಿರಲಿಲ್ಲ. "ರೀ, ಆ ಸಂದಿಗೆ ಏನಾದ್ರೂ ಮಾಡಿ" ಎಂದು ಹೆಂಡತಿ ಅಂದಾಗಲೆಲ್ಲ, "ದೊಡ್ಡ ಕೆಲಸ ಕಣೇ ಅದು, ಚೌಕಟ್ಟು ಕೀಳ್ಬೇಕು, ಗೋಡೆ ಒಡೀಬೇಕು" ಅನ್ನುತ್ತಿದ್ದ. ಸುಳ್ಳು ಹೇಳುತ್ತಿದ್ದೇನೆಂದು ಅವನಿಗೂ ಅನಿಸುತ್ತಿರಲಿಲ್ಲ. ಒಂದು ಸಲವೂ ಹೊರಗೆ ಹೋಗಿ ಸಂದನ್ನು ಕಣ್ಣಿಟ್ಟು ನೋಡಿರಲಿಲ್ಲ, ಅಷ್ಟೇ.

ಆ ರಜಾದಿನ ಬೆಳಿಗ್ಗೆ ಅವಳ ಫೋನು ಬಂತು. "ಸಂಜೆ ಬರ್ತೀನಿ, ಮನೇಲಿರಿ. ಸ್ವಲ್ಪ ಮಾತಾಡ್ಬೇಕು" ಅಂದಳು.

"ಮಾತಾಡ್ಬೇಕಾ? ಏನೇ ಅದು?" ದೂರಣ್ಣ ಕೇಳಿದ.

"ಫೋನಲ್ಲಿ ಬೇಡ. ಬಂದ್ಮೇಲೆ ಹೇಳ್ತೀನಿ" ಎಂದು ಇಟ್ಟುಬಿಟ್ಟಳು.

ಸಂದಿನಲ್ಲಿ ಒಳಗೆ ಬರುವ ದಾರಿ ಇದ್ದ ಹಾಗೆ ಹೊರಗೆ ಹೋಗುವ ದಾರಿಯೂ ಇತ್ತು. ಮೇಲಿನ ಮನೆಯ ಮಹಡಿಯಮ್ಮ ಆಗ ಕಿಟಕಿಯ ಹೊರಗೆ ಬಟ್ಟೆ ಒಣಗಿಹಾಕುತ್ತಿದ್ದರು. ಅವರಿಗೆ ಬೀದಿಯಲ್ಲಿ ಯಾರು ಸೀನಿದರೂ ಯಾರಿಗೆ ಶೀತವಾಗಿದೆ ಎಂದು ಗೊತ್ತಾಗುತ್ತಿತ್ತು.

"ಮಾತಾಡ್ಬೇಕು ಅಂದ್ರಾ?" ಕಿಟಕಿಯಲ್ಲಿ ಅವರ ಮುಖ ಹುಣ್ಣಿಮೆಯ ಹಾಗೆ ಮೂಡಿತು. "ಅಯ್ಯೋ ದೂರಣ್ಣ, ಕೆಟ್ಟೆ ನೀನು! ನನ್ನ ನಾದಿನಿನೂ ಗಂಡನಿಗೆ ಹಿಂಗೇ ಅಂದ್ಲು, ಮಾತಾಡ್ಬೇಕು ಅಂತ. ಮಾರನೇ ದಿನ ಲಾರಿ ತಂದು ಒಲೆ ಸಮೇತ ಹೊತ್ಕೊಂಡು ಹೋದ್ಲು. ಅವನು ಇವತ್ತಿಗೂ ಹೋಟೆಲಲ್ಲಿ ಉಣ್ತಾನೆ."

"ಹಂಗೇನಿರಲ್ಲ ಬಿಡಿ ಅಕ್ಕ."

"ಇರಲ್ಲ ಅಂದ್ರೆ ಇರಲ್ವಾ? ಬೀರೂಲಿ ಅವಳ ಬಟ್ಟೆ ಇನ್ನೂ ಇದೆಯಾ?"

"ಇದೆ. ಅರ್ಧ ಇದೆ."

"ಅದನ್ನ ತಗೊಂಡು ಹೋಗೋಕೇ ಬರ್ತಿರೋದು."

ದೂರಣ್ಣ ಮಂಚದ ಮೇಲೆ ಕೂತ. ಈ ಚಳಿಗಾಲವೆಲ್ಲ ಅವನು ಒಬ್ಬನೇ ಕಳೆದಿದ್ದ. ಮೊದಮೊದಲು ರಾತ್ರಿ ಅವಳ ಕೆಮ್ಮಿಲ್ಲದೆ ನಿದ್ದೆ ಚೆನ್ನಾಗಿ ಬಂತು ಅಂತ ಒಳಗೊಳಗೇ ಖುಷಿಪಟ್ಟಿದ್ದ. ಆಮೇಲೆ ಆ ಕೆಮ್ಮಿಲ್ಲದೆ ನಿದ್ದೆಯೇ ಬರುವುದು ನಿಂತಿತ್ತು. ಒಂದೇ ತಟ್ಟೆ, ಒಂದೇ ಲೋಟ ತೊಳೆದಿಡುವಾಗ ಕೈ ಸೋಲುತ್ತಿತ್ತು. ಇವತ್ತೋ ನಾಳೆಯೋ ಬಂದೇಬರುತ್ತಾಳೆ ಅನ್ನುವುದೊಂದು ಧೈರ್ಯ ಉಳಿದಿತ್ತು, ಈಗ ಅದಕ್ಕೂ ಕುತ್ತು ಬಂತು.

ಅಷ್ಟರಲ್ಲಿ ಪಕ್ಕದ ಮನೆಯ ಟೇಪು ಮಾವ ಬಂದರು. ಸರ್ವೇ ಇಲಾಖೆಯಿಂದ ನಿವೃತ್ತರಾಗಿದ್ದರೂ ಅಳತೆ ಟೇಪನ್ನು ಜೇಬಿನಿಂದ ನಿವೃತ್ತಿ ಮಾಡಿರಲಿಲ್ಲ. ಯಾರ ಮನೆಗೆ ಹೋದರೂ ಮೊದಲು ಬಾಗಿಲಿನ ಅಗಲ ನೋಡಿ ಆಮೇಲೆ ಕ್ಷೇಮ ವಿಚಾರಿಸುತ್ತಿದ್ದರು. ಮಹಡಿಯಮ್ಮ ಅವರಿಗೆ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದರು.

"ಅವಳು ಹೋಗಿದ್ದು ಯಾಕೆ? ಈ ಸಂದಿನಿಂದ" ಎಂದರು ಟೇಪು ಮಾವ, ಟೇಪನ್ನು ಸರ್ರನೆ ಎಳೆಯುತ್ತ. "ಸಂಜೆ ಒಳಗೆ ಇದನ್ನ ಮುಚ್ಚಿಬಿಡು. ಬಂದು ನೋಡ್ತಾಳೆ, ಗಾಳಿ ಇಲ್ಲ, ಥಂಡಿ ಇಲ್ಲ. ಹೋಗೋಕೆ ಕಾರಣ ಎಲ್ಲಿಂದ ತರ್ತಾಳೆ?"

"ಮಾವ, ಅದು ದೊಡ್ಡ ಕೆಲಸ..." ದೂರಣ್ಣನ ಬಾಯಿ ಅಭ್ಯಾಸಬಲದಿಂದ ತೆರೆದುಕೊಂಡಿತು. ಬೀರುವಿನ ಕಡೆ ನೋಡಿ ಮುಚ್ಚಿಕೊಂಡಿತು. ಅವನು ಎದ್ದು ಅಂಗಿ ಹಾಕಿಕೊಂಡ.

ಹಾರ್ಡ್‌ವೇರ್ ಅಂಗಡಿಯ ಕೌಂಟರಿನ ಮುಂದೆ ಜನ ಜಾತ್ರೆಯಾಗಿತ್ತು. ಜೀವಮಾನವೆಲ್ಲ ಕೌಂಟರಿನ ಆಚೆಗೇ ಕೂತವನಿಗೆ ಈಚೆ ನಿಂತು ಅಭ್ಯಾಸವಿರಲಿಲ್ಲ. ನಾಲ್ಕೈದು ಮೊಣಕೈ ತಿಂದ ಮೇಲೆ ಅಂಗಡಿಯವನ ಕಣ್ಣಿಗೆ ಬಿದ್ದ.

"ಕಿಟಕಿ ಸಂದಿಗೆ ಹಚ್ಚೋ ಅಂಟು ಕೊಡಿ."

"ಒಳಗಡೆಗಾ, ಹೊರಗಡೆಗಾ?"

"ಮಧ್ಯಕ್ಕೆ."

ಅಂಗಡಿಯವನು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ನೋಡಿದ. "ಚೌಕಟ್ಟು ಮರದ್ದಾ, ಅಲ್ಯೂಮಿನಿಯಮ್ದಾ? ಗೋಡೆಗೆ ಗಾರೆ ಆಗಿದ್ಯಾ, ಬರೀ ಇಟ್ಟಿಗೆನಾ? ಮೇಲೆ ಪೇಂಟ್ ಹೊಡೀತೀರಾ? ಬಿಸಿಲು ಬೀಳುತ್ತಾ, ಮಳೆ ಬಡಿಯುತ್ತಾ? ಸಂದು ಎಷ್ಟು ಅಗಲ, ಎಷ್ಟು ಆಳ?"

ದೂರಣ್ಣ ಕಿರುಬೆರಳೆತ್ತಿ ತೋರಿಸಿದ. ಹಿಂದೆ ನಿಂತಿದ್ದವರು ಅದಕ್ಕೆ ಬೇರೆಯೇ ಅರ್ಥ ಮಾಡಿಕೊಂಡು, "ಅಂಗಡಿ ಪಕ್ಕದಲ್ಲಿದೆ, ಹೋಗ್ಬನ್ನಿ" ಎಂದು ದಾರಿ ಬಿಟ್ಟರು.

ಮಹಡಿಯಮ್ಮ ಹೊರಡುವಾಗ "ಸಿಲಿಕಾನ್ ತಗೋ, ನಮ್ಮ ಬಚ್ಚಲಿಗೆ ಅದೇ ಹಾಕ್ಸಿದ್ದು, ಇವತ್ತಿಗೂ ಒಂದು ಹನಿ ಇಳಿದಿಲ್ಲ" ಎಂದಿದ್ದರು. ಟೇಪು ಮಾವ "ಸಿಲಿಕಾನ್ ಮೇಲೆ ಪೇಂಟ್ ಕೂರಲ್ಲ, ಅಕ್ರಿಲಿಕ್ ತಗೋ, ನಾನು ಸರ್ಕಾರಿ ಕಟ್ಟಡಗಳನ್ನೇ ನೋಡಿದೀನಿ" ಎಂದಿದ್ದರು. ಒಬ್ಬರ ಮಾತು ಕೇಳಿದರೆ ಇನ್ನೊಬ್ಬರಿಗೆ ಬೇಜಾರು. ಎರಡನ್ನೂ ಕೊಂಡ. ಅವುಗಳನ್ನು ಒತ್ತಿ ಹೊರಡಿಸುವ ಗನ್ನನ್ನೂ ಕೊಂಡ. ಬಂದೂಕು ಹಿಡಿದು ನಡೆದುಬರುವಾಗ ಯುದ್ಧಕ್ಕೆ ಹೊರಟವನಷ್ಟೇ ಭಯ ಅವನಿಗಿತ್ತು.

ಮನೆಗೆ ಬಂದು, ಸ್ಟೂಲು ಹಾಕಿಕೊಂಡು, ಹೊರಗಿನಿಂದ ಸಂದಿನ ಮುಂದೆ ನಿಂತ. ಒಳಗೆ ಏನೇನೋ ತುರುಕಿತ್ತು. ಗಾಳಿ ತಡೆಯಲು ಹೆಂಡತಿ ಚಳಿಗಾಲಕ್ಕೊಂದರಂತೆ ತುರುಕಿದ್ದ ಬಟ್ಟೆ ಚೂರುಗಳು. ಸ್ಕ್ರೂಡ್ರೈವರಿನಿಂದ ಒಂದೊಂದಾಗಿ ಎಳೆದ. ಹರಿದ ಟವೆಲು ಬಂತು. ಅವನದೇ ಬನಿಯನ್ನು ಬಂತು. ಕಳೆದುಹೋಯಿತೆಂದು ಮನೆಯೆಲ್ಲ ರಂಪ ಮಾಡಿದ್ದ ಕಾಲುಚೀಲ ಬಂತು. ಕೊನೆಗೆ, ಎಲ್ಲಕ್ಕಿಂತ ಒಳಗಿನಿಂದ, ನೀಲಿ ಉಣ್ಣೆಯ ಮಫ್ಲರು ಬಂತು.

ಅದನ್ನು ಅವನು ಕೊಡವಿ ಬಿಡಿಸಿ ನೋಡಿದ. ಕೆಮ್ಮು ಮೊದಲು ಶುರುವಾದ ವರ್ಷ ಅವಳಿಗೆಂದು ಅವನೇ ತಂದದ್ದು. ಕತ್ತಿಗೆ ಕಟ್ಟಿಕೋ ಅಂತ ಕೊಟ್ಟಿದ್ದ, ಅವಳು ಕಿಟಕಿಗೆ ಕಟ್ಟಿದ್ದಳು. ಎಲ್ಲಿ ಹೋಯಿತು ಅಂತ ಅವನು ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ. ಉಣ್ಣೆ ಒದ್ದೆಯಾಗಿ ಮುಗ್ಗಲು ಹಿಡಿದಿತ್ತು. ದೂರಣ್ಣನಿಗೆ ಅಳು ಬಂತು. ಕೆಳಗೆ ಮಹಡಿಯಮ್ಮ ನಿಂತಿದ್ದುದರಿಂದ ಧೂಳು ಬಿತ್ತು ಅಂದ.

"ಧೂಳು ಬಿದ್ರೆ ಒಂದು ಕಣ್ಣಿಗೆ ತಾನೇ ಬೀಳೋದು" ಎಂದರು ಮಹಡಿಯಮ್ಮ. ಆದರೂ ಅವರ ದನಿ ಸ್ವಲ್ಪ ತಗ್ಗಿತು. "ಹೂಂ, ಮೊದಲು ನನ್ನ ಸಿಲಿಕಾನ್ ಹಾಕು."

ಹಾಕಿದ. ಗನ್ನಿನ ಮೂತಿಯಿಂದ ಸಿಲಿಕಾನ್ ಹಲ್ಲುಜ್ಜುವ ಪೇಸ್ಟಿನ ಹಾಗೆ ಬಂತು, ಬರುತ್ತಲೇ ಇತ್ತು, ನಿಲ್ಲಿಸುವುದು ಹೇಗೆಂದು ತಿಳಿಯದೆ ಚೌಕಟ್ಟು ದಾಟಿ ಗೋಡೆಗೂ ಹರಿಯಿತು. ಹುಳಿ ವಾಸನೆ ಬೀದಿಯನ್ನೆಲ್ಲ ತುಂಬಿತು. ಯಾರ ಮನೆಯಲ್ಲಿ ಉಪ್ಪಿನಕಾಯಿ ಕೆಟ್ಟಿದೆ ಎಂದು ದಾರಿಹೋಕರು ಮೂಗು ಮುಚ್ಚಿಕೊಂಡರು. ಮೂರೂ ಜನ ಕೂತು ಕಾಫಿ ಕುಡಿದು ಬಂದು ನೋಡಿದರೆ ಮರದ ಕಡೆ ಗಟ್ಟಿಯಾಗಿ ಹಿಡಿದಿತ್ತು, ಇಟ್ಟಿಗೆಯ ಕಡೆ ಹಾಲಿನ ಕೆನೆಯ ಹಾಗೆ ಎದ್ದುಬಂದಿತ್ತು. ಇಟ್ಟಿಗೆಯ ಮೇಲಿದ್ದ ವರ್ಷಗಟ್ಟಲೆಯ ಪುಡಿಯನ್ನು ಯಾರೂ ಉಜ್ಜಿ ತೆಗೆದಿರಲಿಲ್ಲ. ಸಿಲಿಕಾನ್ ಆ ಪುಡಿಯನ್ನು ಭದ್ರವಾಗಿ ಹಿಡಿದುಕೊಂಡಿತ್ತು, ಪುಡಿ ಯಾರನ್ನೂ ಹಿಡಿದುಕೊಂಡಿರಲಿಲ್ಲ.

"ನಾನು ಹೇಳ್ಲಿಲ್ವಾ?" ಎಂದು ಟೇಪು ಮಾವ ಗೆದ್ದವರಂತೆ ತೋಳು ಮಡಿಸಿದರು. "ಇದರ ಮೇಲೇ ಅಕ್ರಿಲಿಕ್ ಎಳಿ."

ಎಳೆದ. ಅಕ್ರಿಲಿಕ್ ಬೆಣ್ಣೆಯಷ್ಟು ಬಿಳಿ, ಬೆಣ್ಣೆಯಷ್ಟೇ ವಿಧೇಯ. ಒದ್ದೆ ಬೆರಳು ಸವರಿದರೆ ಹೇಳಿದ ಹಾಗೆ ಕೂತಿತು. ಕಿಟಕಿಯ ಸುತ್ತ ಬಿಳಿ ಅಂಚು ಬಂದು ಮನೆಗೇ ಒಂದು ಕಳೆ ಬಂತು. ದೂರಣ್ಣ ಮೊದಲ ಸಲ ನಕ್ಕ. ಅಲ್ಲಿಗೇ ಬಿಟ್ಟಿದ್ದರೆ ಒಣಗುವವರೆಗಾದರೂ ಸುಖವಾಗಿರುತ್ತಿದ್ದ.

"ಪರೀಕ್ಷೆ ಆಗ್ದೇ ಯಾವ ಕೆಲಸನೂ ಮುಗಿದ ಹಾಗಲ್ಲ" ಎಂದು ಟೇಪು ಮಾವ ತೋಟದ ಪೈಪನ್ನು ತಿರುಗಿಸಿ ನೀರು ಬಿಟ್ಟರು.

"ಮಾವ, ಒಣಗಿಲ್ಲ! ಮಾವ!"

ಒಣಗದ ಅಕ್ರಿಲಿಕ್ಕಿಗೆ ನೀರು ಕಂಡರೆ ತವರು ಕಂಡ ಹಾಗೆ. ಬಿಳಿ ಅಂಚೆಲ್ಲ ಕರಗಿ ಹಾಲಾಗಿ ಗೋಡೆಯ ಮೇಲಿಂದ ಹರಿಯಿತು, ಕೆಳಗೆ ಒಣಹಾಕಿದ್ದ ಮಹಡಿಯಮ್ಮನ ಕಪ್ಪು ಸೀರೆಯ ಮೇಲೆ ಇಳಿಯಿತು. ಮಹಡಿಯಮ್ಮ ಸೀರೆಯನ್ನು ನೋಡಿದರು, ಪೈಪನ್ನು ನೋಡಿದರು, ಟೇಪು ಮಾವನನ್ನು ನೋಡಿದರು. ಆಮೇಲೆ ಇಬ್ಬರ ನಡುವೆ ಆದ ಮಾತುಕತೆಯಲ್ಲಿ ಸರ್ಕಾರಿ ಕಟ್ಟಡಗಳೂ ಬಚ್ಚಲುಮನೆಗಳೂ ಎರಡು ತಲೆಮಾರಿನ ಹಿರಿಯರೂ ಬಂದುಹೋದರು. ಸೂರ್ಯ ನೆತ್ತಿಯ ಮೇಲೆ ಬಂದಿದ್ದ. ಸಂದು ಬೆಳಿಗ್ಗೆ ಇದ್ದಲ್ಲೇ ಇತ್ತು, ಜೊತೆಗೆ ಅಂಟಂಟಾಗಿತ್ತು.

ದೂರಣ್ಣ ಮತ್ತೆ ಅಂಗಡಿಗೆ ಓಡಿದ. ಕೂದಲಿನಲ್ಲಿ ಸಿಲಿಕಾನ್, ಅಂಗಿಯ ಮೇಲೆ ಅಕ್ರಿಲಿಕ್. ಅಂಗಡಿಯವನಿಗೆ ಅವನನ್ನು ನೋಡಿಯೇ ಕತೆಯೆಲ್ಲ ತಿಳಿಯಿತು.

"ನೀವು ಮೊದಲೇ ಹೇಳ್ಬಾರ್ದಿತ್ತಾ ಯಾವುದು ಸರಿ ಅಂತ?" ದೂರಣ್ಣ ಅಳುವ ದನಿಯಲ್ಲಿ ಕೇಳಿದ.

"ನಾನು ಕೇಳಿದ್ದಕ್ಕೆ ನೀವು ಬೆರಳು ತೋರಿಸಿದ್ರಿ ಸ್ವಾಮಿ. ಟ್ಯೂಬಿನ ಹಿಂದೆ ಎಲ್ಲ ಬರೆದಿರುತ್ತೆ. ಓದ್ಕೊಳ್ಳಿ, ನನಗೆ ಗಿರಾಕಿಗಳಿದಾರೆ." ಬೇರೆ ಬೇರೆ ಟ್ಯೂಬುಗಳನ್ನು ಅವನ ಮುಂದೆ ಗುಡ್ಡೆ ಹಾಕಿ ಹೋದ.

ದೂರಣ್ಣ ಮೂಲೆಯ ಸಿಮೆಂಟ್ ಚೀಲದ ಮೇಲೆ ಕೂತು ಓದಿದ. ಕಚೇರಿಯಲ್ಲಿ ಎಷ್ಟೋ ಜನರ ಅರ್ಜಿಗಳಿಗೆ ತಲೆಬರಹ ನೋಡಿಯೇ ಸೀಲು ಒತ್ತಿದವನು ಇವತ್ತು ಟ್ಯೂಬುಗಳ ಬೆನ್ನನ್ನು ಮೇಲಿಂದ ಕೆಳಗಿನವರೆಗೆ, ಇರುವೆಯಂಥ ಅಕ್ಷರಗಳನ್ನೂ ಬಿಡದೆ ಓದಿದ. ಇದು ಗಾಜಿಗೆ, ಟೈಲಿಗೆ. ಅದು ಒಳಗಿನ ಗೋಡೆಗೆ. ಮತ್ತೊಂದು ತಗಡಿನ ಚಾವಣಿಗೆ. ಕಡೆಗೆ ಒಂದರ ಮೇಲೆ ಹೀಗಿತ್ತು: ಪಾಲಿಯುರೆಥೇನ್, ಹೊರಾಂಗಣಕ್ಕೆ, ಮರ ಮತ್ತು ಇಟ್ಟಿಗೆಗೆ. ಮರ ಹಿಗ್ಗಿ ಕುಗ್ಗಿದರೆ ಇದೂ ಹಿಗ್ಗಿ ಕುಗ್ಗುತ್ತದೆ. ಹಳೆಯದನ್ನೆಲ್ಲ ಕೆರೆದು, ಧೂಳು ಉಜ್ಜಿ, ಒಣಗಿಸಿ, ಆಳವಾದ ಸಂದಿಗೆ ಮೊದಲು ಫೋಮಿನ ಹಗ್ಗ ತುಂಬಿ ಹಚ್ಚಿ, ನೀರು ಹೋಗುವ ತೂತುಗಳನ್ನು ಮುಚ್ಚಬೇಡಿ. ಅಷ್ಟೇ ಇತ್ತು. ಗೋಡೆ ಒಡೆಯಿರಿ ಎಂದು ಎಲ್ಲೂ ಇರಲಿಲ್ಲ. ದೂರಣ್ಣ ಇನ್ನೊಂದು ಸಲ ಓದಿದ, ಆಗಲೂ ಇರಲಿಲ್ಲ. ಹೊತ್ತಾಗುತ್ತಿದೆ ಎಂದು ಎದ್ದು ಆ ಟ್ಯೂಬನ್ನೂ ಹಗ್ಗವನ್ನೂ ಕೊಂಡು ಮನೆಗೆ ಓಡಿದ.

ಕೆರೆಯುವುದರಲ್ಲೇ ಉಗುರು ಕಿತ್ತುಬಂತು. ಸಿಲಿಕಾನ್ ಹಿಡಿಯಬೇಕಾದಾಗ ಹಿಡಿದಿರಲಿಲ್ಲ, ಬಿಡಬೇಕಾದಾಗ ಬಿಡಲೊಲ್ಲದು. ಮಹಡಿಯಮ್ಮನೂ ಟೇಪು ಮಾವನೂ ಮಾತು ಬಿಟ್ಟಿದ್ದರೂ ಕೆಲಸ ಬಿಟ್ಟಿರಲಿಲ್ಲ. ಮಾವ ಬ್ರಷ್ಷಿನಿಂದ ಇಟ್ಟಿಗೆ ಉಜ್ಜಿದರು, ಮಹಡಿಯಮ್ಮ ಹೇರ್ ಡ್ರೈಯರು ತಂದು ಒದ್ದೆ ಗೋಡೆ ಒಣಗಿಸಿದರು. ಬೇಕಾದದ್ದನ್ನು ದೂರಣ್ಣನ ಮೂಲಕ ಕೇಳಿಕೊಳ್ಳುತ್ತಿದ್ದರು.

"ದೂರಣ್ಣ, ಆ ಮಹಾನುಭಾವರಿಗೆ ಸ್ವಲ್ಪ ಸರೀಬೇಕು ಅಂತ ಹೇಳು."

"ದೂರಣ್ಣ, ನಾನು ಸರಿಯಾಗೇ ನಿಂತಿದೀನಿ ಅಂತ ಆಯಮ್ಮನಿಗೆ ಹೇಳು."

ಪಾಲಿಯುರೆಥೇನಿನ ಗುಣವೇ ಬೇರೆ. ಅದಕ್ಕೆ ಅಂಟದ ವಸ್ತು ಲೋಕದಲ್ಲಿರಲಿಲ್ಲ. ಇಟ್ಟಿಗೆಗೆ ಅಂಟಿತು, ಮರಕ್ಕೆ ಅಂಟಿತು, ದೂರಣ್ಣನ ಎಡ ಹುಬ್ಬಿಗೆ ಅಂಟಿತು. ಟೇಪು ಮಾವ "ಅಗಲ ಎಲ್ಲ ಕಡೆ ಒಂದೇ ಇದೆಯಾ" ಎಂದು ಅಳೆಯಲು ಹೋದಾಗ ಟೇಪಿನ ತುದಿ ಅದರಲ್ಲಿ ಸಿಕ್ಕಿಕೊಂಡಿತು. ಎಳೆದರೆ ಅಂಚು ಹಾಳಾಗುತ್ತದೆ, ಬಿಟ್ಟರೆ ಟೇಪು ಹೋಗುತ್ತದೆ. ಮಾವ ಕಣ್ಣು ಮುಚ್ಚಿಕೊಂಡು ಕತ್ತರಿ ತರಿಸಿ ಟೇಪಿನ ತುದಿಯನ್ನು ತಾವೇ ಕತ್ತರಿಸಿದರು. "ನಿನ್ನ ಸಂಸಾರ ಉಳಿದ್ರೆ ಸಾಕಪ್ಪ" ಅಂದರು. ಇದನ್ನು ಕೇಳಿ ಮಹಡಿಯಮ್ಮ ಅವರೊಂದಿಗೆ ಮಾತು ಶುರು ಮಾಡಿದರು.

ಮಹಡಿಯಮ್ಮ ಚೌಕಟ್ಟಿನ ಕೆಳಗೆ ಮಳೆನೀರು ಹೊರಹೋಗಲು ಬಿಟ್ಟಿದ್ದ ತೂತುಗಳನ್ನೂ ಬಳಿದುಬಿಡು ಎಂದು ಹಠ ಹಿಡಿದರು. ದೂರಣ್ಣ ಮಾತ್ರ "ಬೇಡ ಅಕ್ಕ, ಅವನ್ನ ಮುಚ್ಬಾರ್ದು ಅಂತ ಬರೆದಿದೆ" ಎಂದ. ಅವನ ದನಿಯಲ್ಲಿ ಅಷ್ಟು ನಿರ್ಧಾರ ಇದ್ದದ್ದನ್ನು ಅವರು ಯಾವತ್ತೂ ಕೇಳಿರಲಿಲ್ಲ, ಹಠ ಬಿಟ್ಟರು. ಬೆರಳಿಗೆ ಸೋಪಿನ ನೀರು ಮುಟ್ಟಿಸಿಕೊಂಡು ಅವನು ಅಂಚನ್ನು ಮೇಲಿಂದ ಕೆಳಗೆ ನಿಧಾನವಾಗಿ ಸವರಿದ. ಸವರುವಾಗ ಬಾಯಲ್ಲಿ ಏನೋ ಗುನುಗುತ್ತಿದ್ದ. ಬಿಸಿಲು ಇಳಿಯುವ ಹೊತ್ತಿಗೆ ಅಂಟಿನ ಮೇಲೆ ಪದರ ಕಟ್ಟಿತ್ತು, ಮುಟ್ಟಿದರೆ ಕೈಗೆ ಬರುತ್ತಿರಲಿಲ್ಲ. ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಕಿಟಕಿಯ ಅಂಚಿಗೆ ಕೆನ್ನೆ ಕೊಟ್ಟ. ಗಾಳಿ ಇಲ್ಲ. ಇನ್ನೊಂದು ಕೆನ್ನೆ ಕೊಟ್ಟ. ಇಲ್ಲ! ಅವನ ಬದುಕಿನಲ್ಲೇ ಪೂರ್ತಿಯಾಗಿ ಬಗೆಹರಿದ ಮೊದಲ ದೂರು ಅದು. ಕೋಣೆ ಗುಡಿಸಿದ, ಹಾಸಿಗೆಗೆ ಒಗೆದ ಹೊದಿಕೆ ಹಾಸಿದ, ಎರಡು ಲೋಟ ತೊಳೆದಿಟ್ಟ.

ಟ್ಯಾಕ್ಸಿ ಬಂದು ನಿಂತಾಗ ಮಹಡಿಯಮ್ಮ ಹೊಸಿಲಿನಲ್ಲಿ ಇಲ್ಲದ ಕಸ ಗುಡಿಸುತ್ತಿದ್ದರು, ಟೇಪು ಮಾವ ಮೊಂಡಾದ ಟೇಪಿನಿಂದ ಗೇಟು ಅಳೆಯುತ್ತಿದ್ದರು. ಹೆಂಡತಿ ಇಳಿದಳು. ಕೈಯಲ್ಲಿ ದೊಡ್ಡ ಬ್ಯಾಗು. ಮಹಡಿಯಮ್ಮ ದೂರಣ್ಣನಿಗೆ ಕಣ್ಣಲ್ಲೇ ಬ್ಯಾಗು ತೋರಿಸಿ, ಬಟ್ಟೆ ತುಂಬಿಕೊಂಡು ಹೋಗಲು, ನಾನು ಹೇಳಲಿಲ್ಲವೇ ಎಂದು ಹುಬ್ಬು ಕುಣಿಸಿದರು.

ಅವಳು ಸೊರಗಿದ್ದಳು, ಆದರೆ ಮುಖದಲ್ಲಿ ಗೆಲುವಿತ್ತು. "ಇದೇನ್ರೀ, ಹುಬ್ಬಿಗೇನಾಯ್ತು?" ಎಂದಳು.

"ಅದಿರ್ಲಿ, ಬಾ ಇಲ್ಲಿ" ಎಂದು ದೂರಣ್ಣ ಅವಳ ಕೈ ಹಿಡಿದು ಕೋಣೆಗೆ ಕರೆದೊಯ್ದ. ಬ್ಯಾಗು ಬಾಗಿಲ ಬಳಿ ಉಳಿಯಿತು. ಅವನು ಮೇಣದ ಬತ್ತಿ ಹಚ್ಚಿ ಕಿಟಕಿಯ ಅಂಚಿನ ಉದ್ದಕ್ಕೂ ಹಿಡಿದುಕೊಂಡು ಹೋದ. ಉರಿ ಅಲುಗಲಿಲ್ಲ. ಅವಳು ಹತ್ತಿರ ಬಂದು ಅಂಗೈ ಒಡ್ಡಿದಳು. ಅಂಚಿನ ಮೇಲೆ ಬೆರಳಾಡಿಸಿದಳು. ಮಂಚದ ಮೇಲೆ ಕೂತು ಒಂದು ದೀರ್ಘ ಉಸಿರು ಎಳೆದುಕೊಂಡಳು. ಕೆಮ್ಮು ಬರಲಿಲ್ಲ.

"ಎಷ್ಟು ಬೆಚ್ಚಗಿದೆ ರೀ" ಎಂದಳು. ಕಣ್ಣು ತುಂಬಿ ಬಂದಿತ್ತು. "ಯಾರನ್ನ ಕರೆಸಿದ್ರಿ?"

"ಯಾರನ್ನೂ ಇಲ್ಲ. ನಾನೇ!" ಎಂದ ದೂರಣ್ಣ.

"ನೀವೇನಾ? ಗೋಡೆ ಒಡೆದ್ರಾ?"

"ಗೋಡೆ ಯಾಕೇ ಒಡೀಬೇಕು? ಇದೊಂದು ಟ್ಯೂಬು, ಒಂದು ಗನ್ನು, ಅಷ್ಟೇ!" ಅವನು ಖಾಲಿ ಟ್ಯೂಬನ್ನು ಪಾರಿತೋಷಕದ ಹಾಗೆ ಎತ್ತಿ ತೋರಿಸಿದ.

"ಎಷ್ಟು ದಿನ ಹಿಡೀತು?"

ಬಾಗಿಲಲ್ಲಿ ನಿಂತಿದ್ದ ಮಹಡಿಯಮ್ಮನಿಗೆ ಇನ್ನು ತಡೆಯಲಾಗಲಿಲ್ಲ. "ದಿನ ಎಲ್ಲಿಂದ ಬಂತಮ್ಮ! ಬೆಳಿಗ್ಗೆ ನೀನು ಫೋನ್ ಮಾಡಿದ್ಮೇಲೆ ಶುರು ಹಚ್ಕೊಂಡ. ನಿನ್ ಗಂಡ ಅಂದ್ರೆ ಏನಂದ್ಕೊಂಡೆ?"

"ಮಧ್ಯದಲ್ಲಿ ನಾವಿಬ್ರೂ ಕೆಡಿಸ್ದೇ ಇದ್ದಿದ್ರೆ ಊಟದ ಹೊತ್ತಿಗೇ ಮುಗೀತಿತ್ತು" ಎಂದು ಟೇಪು ಮಾವ ದೊಡ್ಡ ಮನಸ್ಸು ಮಾಡಿ ಒಪ್ಪಿಕೊಂಡರು.

"ಅರ್ಧ ದಿನದ ಕೆಲಸ ಕಣೇ!" ದೂರಣ್ಣ ಹೆಮ್ಮೆಯಿಂದ ಉಬ್ಬಿಹೋದ. "ಅರ್ಧ ದಿನ ಅಂದ್ರೆ ಅರ್ಧ ದಿನ!"

ಹೆಂಡತಿ ಅವನ ಕೈಯಲ್ಲಿದ್ದ ಟ್ಯೂಬನ್ನು ನೋಡಿದಳು, ಕಿಟಕಿಯನ್ನು ನೋಡಿದಳು, ಮತ್ತೆ ಟ್ಯೂಬನ್ನು ನೋಡಿದಳು. ಅವಳ ಮುಖದ ಗೆಲುವು ಇಳಿಯುತ್ತಿದ್ದುದು ಮಹಡಿಯಮ್ಮನಿಗೆ ಮೊದಲು ಕಂಡಿತು. ಅವರು ಟೇಪು ಮಾವನ ತೋಳು ಹಿಡಿದು ಮೆಲ್ಲಗೆ ಹೊರಗೆ ಎಳೆದುಕೊಂಡು ಹೋದರು.

"ಅದೇನೋ ಮಾತಾಡ್ಬೇಕು ಅಂದ್ಯಲ್ಲ?" ದೂರಣ್ಣ ಇನ್ನೂ ನಗುತ್ತಲೇ ಕೇಳಿದ.

ಅವಳು ಎದ್ದು ಹೋಗಿ ಬ್ಯಾಗು ತಂದು ಜಿಪ್ಪು ತೆಗೆದಳು. ಬ್ಯಾಗು ಖಾಲಿ ಇರಲಿಲ್ಲ. ತೆಗೆದುಕೊಂಡು ಹೋಗಿದ್ದ ಬಟ್ಟೆಗಳೆಲ್ಲ ಮಡಿಚಿ ತುಂಬಿದ್ದವು. ಅವುಗಳ ಮೇಲೆ ದಪ್ಪನೆಯ ಒಂದು ಪರದೆ. ಎರಡು ಕಂಬಳಿ ಸೇರಿಸಿ, ಅಂಚಿಗೆ ಪಟ್ಟಿ ಕೊಟ್ಟು, ಕೈಯಲ್ಲಿ ಹೊಲಿದದ್ದು.

"ವಾಪಸ್ ಬರ್ತೀನಿ ಅಂತ ಹೇಳೋಣ ಅಂತ ಬಂದೆ" ಎಂದಳು. "ಬಟ್ಟೆ ಎಲ್ಲ ತಂದಿದ್ದೆ. ಅಕ್ಕ ಬಿಡಲಿಲ್ಲ, ಬೈದ್ಲು. ಒಂದು ಕಿಟಕಿ ಸರಿ ಮಾಡಿಸ್ದೇ ಇರೋನ ಮನೆಗೆ ಮತ್ತೆ ಹೋಗ್ತೀಯಾ ಅಂತ. ಅವಳ ಜೊತೆ ಜಗಳ ಆಡ್ಬಿಟ್ಟೆ. ಪಾಪ, ಅವರೇನು ಮಾಡ್ತಾರೆ ಅಕ್ಕ, ಅವರ ಕೈಲಾಗೋ ಕೆಲಸ ಅಲ್ಲ, ಗೋಡೆನೇ ಒಡೀಬೇಕಂತೆ ಅಂದೆ. ಮಾಡಕ್ಕಾಗದೇ ಇರೋದಕ್ಕೆ ಮನುಷ್ಯನ್ನ ಬಿಟ್ಟಿರೋದು ಯಾವ ನ್ಯಾಯ ಅಂತ ಈ ಪರದೆ ಹೊಲ್ಕೊಂಡೆ. ಸಂದಿದ್ರೂ ಇರ್ಲಿ, ಇದನ್ನ ಇಳಿಬಿಟ್ಕೊಂಡು ಇದ್ಬಿಡೋಣ ಅಂತ."

"ಈಗ ಪರದೆನೂ ಬೇಡ ಕಣೇ! ಸರಿ ಆಯ್ತಲ್ಲ!"

"ಕಿಟಕಿ ಸರಿ ಆಯ್ತು ರೀ" ಎಂದಳು ಅವಳು.

ದೂರಣ್ಣನ ಕೈಯಲ್ಲಿದ್ದ ಟ್ಯೂಬು ಆಗ ಕೆಳಗಿಳಿಯಿತು. ಏನು ಹೇಳಿಬಿಟ್ಟೆನೆಂದು ಅವನಿಗೆ ಗೊತ್ತಾದದ್ದು ಆಗ.

"ಅಷ್ಟು ವರ್ಷ ಕೆಮ್ಮಿದೆ, ಬೇಜಾರಾಗ್ಲಿಲ್ಲ" ಎಂದಳು ಅವಳು, ಜೋರಾಗಿ ಅಲ್ಲ, ಕಚೇರಿಯಲ್ಲಿ ಅವನು ಮಾತಾಡುತ್ತಿದ್ದಷ್ಟೇ ಮೆತ್ತಗೆ. "ಆಗದೇ ಇರೋ ಕೆಲಸ ಅಂದ್ಕೊಂಡಿದ್ದೆ. ನೀವೂ ಪಾಡುಪಡ್ತಿದೀರ ಅಂದ್ಕೊಂಡಿದ್ದೆ. ಅರ್ಧ ದಿನದ್ದು ಅಂತ ಯಾವತ್ತೂ ಅಂದ್ಕೊಂಡಿರ್ಲಿಲ್ಲ." ಪರದೆಯನ್ನು ಮತ್ತೆ ಮಡಿಚಿದಳು. ಮಡಿಕೆ ಸರಿಯಾಗಿ ಬರದೆ ಎರಡು ಸಲ ಬಿಚ್ಚಿ ಮಡಿಚಿದಳು. "ಅಕ್ಕನಿಗೆ ಈಗ ಏನು ಹೇಳ್ಲಿ ಹೇಳಿ."

ಅವನು ನೋಡೋಣ ಅನ್ನಲಿಲ್ಲ, ದೊಡ್ಡ ಕೆಲಸ ಅನ್ನಲಿಲ್ಲ. ತಪ್ಪಾಯಿತು ಅನ್ನುವ ಮಾತು ಗಂಟಲವರೆಗೆ ಬಂತು. ಅದು ಎಷ್ಟು ವರ್ಷಕ್ಕೆ ಸಾಕಾಗುತ್ತದೆ ಎಂದು ತಿಳಿಯದೆ ಅಲ್ಲೇ ನಿಂತಿತು. ಅವಳು ಅವನ ಹುಬ್ಬಿನ ಮೇಲಿದ್ದ ಅಂಟನ್ನು ಉಗುರಿನಿಂದ ಬಿಡಿಸಲು ನೋಡಿದಳು. ಬಿಡಲಿಲ್ಲ. "ಎಣ್ಣೆ ಹಚ್ಚಿ ಬಿಡಿಸ್ಕೊಳ್ಳಿ, ಎಳೀಬೇಡಿ" ಎಂದು ಹೇಳಿ ಬ್ಯಾಗು ಎತ್ತಿಕೊಂಡಳು.

ಗೇಟಿನವರೆಗೆ ಬ್ಯಾಗು ಹೊತ್ತುಕೊಂಡು ಹೋದವನು ದೂರಣ್ಣನೇ. ಇನ್ನೊಂದು ಟ್ಯಾಕ್ಸಿ ಬಂದು ಅವಳನ್ನು ಹತ್ತಿಸಿಕೊಂಡು ಅಕ್ಕನ ಮನೆಯ ಕಡೆ ಹೊರಟಿತು. ಒಳಗೆ ಬಂದು ಮಂಚದ ಮೇಲೆ ಕೂತ. ಗಾಳಿ ಇಲ್ಲ, ಥಂಡಿ ಇಲ್ಲ, ಪಕ್ಕದ ಮನೆಯವರ ಜಗಳವೂ ಇಲ್ಲ. ಸುತ್ತಮುತ್ತ ಎಲ್ಲೂ ಅಷ್ಟು ಬೆಚ್ಚಗಿನ ಕೋಣೆ ಇರಲಿಲ್ಲ. ಅವನು ಮುಖ ಮುಚ್ಚಿಕೊಂಡು ಅತ್ತ. ಈ ಸಲ ಧೂಳಿನ ಹೆಸರು ಹೇಳುವ ಅಗತ್ಯವಿರಲಿಲ್ಲ, ಆ ಅಳು ಹೊರಗೆ ಯಾರಿಗೂ ಕೇಳಿಸುವಂತಿರಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಮಹಡಿಯಮ್ಮ ಬಾಗಿಲು ತಟ್ಟಿದರು. ಒಳಗೆ ಏನಾಯಿತೆಂದು ಜೀವಮಾನದಲ್ಲಿ ಮೊದಲ ಬಾರಿಗೆ ಅವರಿಗೆ ಕೇಳಿಸಿರಲಿಲ್ಲ.

"ಏನು, ಅಕ್ಕನ ಮನೇಲಿ ಉಳಿದ ಸಾಮಾನು ತರೋಕೆ ಹೋದ್ಲಾ?" ಎಂದರು. ಅವನು ಉತ್ತರ ಕೊಡದಿದ್ದುದನ್ನು ಹೌದೆಂದು ತಿಳಿದು, "ಒಳ್ಳೇದಾಯ್ತು ಬಿಡಪ್ಪ" ಎಂದು ಉಸಿರು ಬಿಟ್ಟರು. "ನೋಡು ದೂರಣ್ಣ, ನಮ್ಮನೆ ಕಿಟಕೀದೂ ಇದೇ ಕತೆ. ಹೆಂಗೂ ಗನ್ ಇದೆ, ಕೈ ಪಳಗಿದೆ. ಯಾವಾಗಾದ್ರೂ ಬಿಡುವಾದಾಗ..."

ದೂರಣ್ಣ ಎದ್ದ. "ಈಗಲೇ ಬರ್ತೀನಿ ಅಕ್ಕ" ಎಂದು ಗನ್ನು ತೆಗೆದುಕೊಂಡು ಅವರ ಹಿಂದೆಯೇ ಮೆಟ್ಟಿಲು ಹತ್ತಿದ.